ಬರಾಕತ್ತಾನ್ರಿ, ಅದಕ್ಕ
ಹಾರ್ನು, ಹುಬ್ಬಳ್ಳಿ ಬಸ್ಸಿನದೇ ಇರಬೇಕು — ಅಲ್ಲ, ಹಾಲಿನ ಗಾಡಿ, ಥೂ, ಬೆಳಗಿನಿಂದ ಯಾವ ಗಾಡಿ ಕೂಗಿದರೂ ನದೀಮ್ ಬಂದ ಎಂದು ರುಬಿಯಾಳ ಎದೆ ಹಾರುತ್ತದೆ, ನೂಲು ಬಡಿದು ಕೂರಿಸುವ ಕೈಯ ಕಬ್ಬಿಣದ ಪಂಜ ಗುರಿ ತಪ್ಪಿ ಮಗ್ಗದ ಕಟ್ಟಿಗೆಗೆ ಬಡಿಯುತ್ತದೆ, ಬಾಜು ಕೂತು ಅದೇ ಜಮಖಾನೆಯ ಇನ್ನರ್ಧ ನೇಯುತ್ತಿರುವ ಅತ್ತೆ ಮಾಬುಬಿ ನಗುತ್ತಾಳೆ, ಮಗ್ಗ ಮುರದೀ ಬೇ, ಬರಾವ ಗಂಡ, ಹುಲಿ ಅಲ್ಲ. ಸೌದಿಯ ದಮ್ಮಾಮ್‌ನಿಂದ ಎರಡು ವರ್ಷಕ್ಕೊಮ್ಮೆ ಬರುವವನು ಹುಲಿಗಿಂತ ಅಪರೂಪ, ಅತ್ತೀ, ಎನ್ನಬೇಕೆನಿಸಿ ನುಂಗಿಕೊಂಡಳು, ಖುಷಿಯೋ ಖುಷಿ, ಜೊತೆಗೇ ಪುಕುಪುಕು, ಯಾಕೆಂದರೆ ಅತ್ತೆ ಆಗಲೇ ತೊಟ್ಟಿಲು ಇಳಿಸಿ ಒರೆಸಿಟ್ಟಿದ್ದಾಳೆ, ನಿನ್ನ ಮಗಳು ನಾಲ್ಕರಾಗ ಬಿದ್ದಾಳ, ಈ ಸಲ ಸುಮ್ನ ಕಳಸಬ್ಯಾಡ ಅವನ್ನ — ಓಣಿಯ ಗಲ್ಫಿನವರ ಮಕ್ಕಳೆಲ್ಲ ಅಪ್ಪಂದಿರ ರಜೆಯ ಲೆಕ್ಕಕ್ಕೆ ಸರಿಯಾಗಿ ಹುಟ್ಟಿದವರು, ತನ್ನದೂ ಹಾಗೆಯೇ, ಅವನು ವಿಮಾನ ಹತ್ತಿದ ಮೇಲೆ ವಾಂತಿ ಶುರು, ಏಳನೇ ತಿಂಗಳಲ್ಲಿ ವಿಡಿಯೋ ಕಾಲಿನಲ್ಲಿ ಹೊಟ್ಟೆ ತೋರಿಸಿದಳು, ನೋಡ್ರಿ, ಒದಿಯಾಕತ್ತೈತಿ, ಅವನು ಮುಟ್ಟುವವನ ಹಾಗೆ ಬೆರಳು ಚಾಚಿದ, ಬೆರಳು ದೊಡ್ಡದಾಗುತ್ತ ಬಂದು ಪರದೆ ಪೂರಾ ಕಪ್ಪಾಯಿತು, ಕಪ್ಪಿನೊಳಗಿಂದ ಅವನ ದನಿ, ಸಿಕ್ತು ನೋಡು — ಏನು ಸಿಕ್ಕಿತೋ! ಆ ಬೆರಳು ಇನ್ನೂ ಕಣ್ಣ ಮುಂದಿಂದ ಹೋಗಿಲ್ಲ, ಅದಕ್ಕೇ ಹೋದ ವಾರ ನೂಲು ತರುತ್ತೇನೆಂದು ಸುಳ್ಳು ಹೇಳಿ ದವಾಖಾನೆಗೆ ಹೋಗಿ ಕಾಪರ್-ಟಿ ಹಾಕಿಸಿಕೊಂಡು ಬಂದದ್ದು, ನರ್ಸ್ ದೇವಕ್ಕ ಕನ್ನಡಕದ ಮೇಲಿಂದ ನೋಡಿದಳು, ಗಂಡ ಊರಾಗಿಲ್ಲ, ನಿನಗ್ಯಾಕವ್ವಾ ಇದು? ಬೆಂಚಿನ ಹೆಂಗಸರೆಲ್ಲ ತಿರುಗಿದರು, ಗಲ್ಫಿನವರ ಹೆಂಡಂದಿರು ಇತ್ತ ಸುಳಿಯದಿರುವುದು ಇದಕ್ಕೇ, ಗಂಡನಿಲ್ಲದಾಗ ಹೋದರೆ ಮಾತು ಹುಟ್ಟುತ್ತದೆ, ಗಂಡ ಬಂದ ಮೇಲೆ ಮನೆ ತುಂಬ ನೆಂಟರು, ಪುರುಸೊತ್ತೆಲ್ಲಿ — ರುಬಿಯಾ ತಲೆಯೆತ್ತಿ ಅಂದಳು, ಬರಾಕತ್ತಾನ್ರಿ, ಅದಕ್ಕ. ದೇವಕ್ಕ ಬಿದ್ದು ಬಿದ್ದು ನಕ್ಕಳು, ಅಗದಿ ಶಾಣ್ಯಾಕಿ ಅದಿ ಬಿಡು! ಆದರೆ ಅವನಿಗೆ ಹೇಳಬೇಕಲ್ಲ, ನಿನ್ನೆ ಫೋನಿನಲ್ಲಿ ಎಂಥ ಹುರುಪು ಅವನಿಗೆ, ಈ ಸಲ ಮಗಳಿಗೊಬ್ಬ ತಮ್ಮನ್ನ ಕೊಟ್ಟು ಹೋಗ್ತೀನಿ, ಕೊಟ್ಟು ಹೋಗ್ತೀನಿ, ಪಂಜದ ಪೆಟ್ಟಿಗೊಮ್ಮೆ ಅದೇ ಮಾತು, ತನಗೂ ಬೇಕು ಇನ್ನೊಂದು ಮಗು, ಬೇಡವೆಂದವರು ಯಾರು, ಆದರೆ ಅದು ಒದೆಯುವಾಗ ಕಪ್ಪು ಪರದೆ ಬೇಡ, ಬೆರಳು ಬೇಡ, ಕೈ ಬೇಕು, ಬಿಸಿ ಕೈ.

ಬಂತು, ಈ ಸಲ ಖರೇನೇ ಬಸ್ಸು, ಮಾಬುಬಿ ತಂಬಿಗೆ ಹಿಡಿದು ಓಡಿದಳು, ಬಾಗಿಲಲ್ಲಿ ಚೀಲ, ಅತ್ತರಿನ ವಾಸನೆ, ಹಲ್ಲು ಕಿರಿದ ಮುಖ, ಅಯ್ಯ, ಇವನಿಗೇ ಹೊಟ್ಟೆ ಬಂದಿದೆಯಲ್ಲ, ಎಷ್ಟು ಚೆಂದ ಕಾಣುತ್ತಾನೆ, ಒಬ್ಬನೇ ಸಿಕ್ಕಾಗ ಮೆಲ್ಲಗೆ ಹೇಳಬೇಕೆಂದಿದ್ದದ್ದು ಖುಷಿಯ ಭರದಲ್ಲಿ ಅತ್ತೆಯೆದುರೇ ಬಾಯಿಂದ ಹಾರಿತು, ಹೋಗೂದ ಇದ್ರ ಕೊಡಬ್ಯಾಡ್ರಿ, ನಾ ದವಾಖಾನಿಗೆ ಹೋಗಿ ಬಂದೀನಿ. ಮಾಬುಬಿಯ ತಂಬಿಗೆ ಅಲ್ಲೇ ನಿಂತಿತು, ನದೀಮ್ ನಗುತ್ತಲೇ ಇದ್ದಾನೆ, ತಿಳಿದಿಲ್ಲ, ಇಲ್ಲ, ತಿಳಿಯಿತು, ನಗು ಅರ್ಧಕ್ಕೇ ಉಳಿಯಿತು, ಕೈ ಚಾಚುತ್ತಾನೆ, ಕೆನ್ನೆ ಸವರಲಿಕ್ಕೋ ಬಾಯಿ ಮುಚ್ಚಲಿಕ್ಕೋ, ಹತ್ತಿರ ಬರುತ್ತಿದೆ, ದೊಡ್ಡದಾಗುತ್ತ, ದೊಡ್ಡದಾಗುತ್ತ, ಆ ಬೆರಳು —