ಹದಿನಾಲ್ಕನೇ ನಂಬರಿನ ಪ್ಲೇಟು

ನಂಬರನ್ನು ಪ್ಲೇಟಿನ ತಳಕ್ಕೆ ಬರೆಯಬೇಕು, ಮುಚ್ಚಳಕ್ಕಲ್ಲ. ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯದಲ್ಲಿ ಮೊದಲ ದಿನ ನಾನು ಹೇಳುವ ಮೊದಲ ಮಾತು ಇದು. ಜೀವಿಗಳು ಬೆಳೆಯುವುದು ತಳದ ಬಟ್ಟಲಿನಲ್ಲಿ. ಮುಚ್ಚಳ ಅದಲುಬದಲಾಗುತ್ತದೆ, ತಳ ಆಗುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಇದನ್ನೇ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ‘ಮುಚ್ಚಳ ಮೇಡಂ’ ಎನ್ನುವುದೂ ಗೊತ್ತು. ಅಂದುಕೊಳ್ಳಲಿ, ಕಲಿತರೆ ಸಾಕು.

ಈ ವರ್ಷದ ತರಗತಿಯಲ್ಲಿ ನಲವತ್ತೊಂದು ವರ್ಷದ ಒಬ್ಬಳು ಇದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ರೋಗಿಗಳ ಕಫ, ರಕ್ತದ ಸ್ಲೈಡು ನೋಡಿದವಳು. ಈಗ ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದ ಮೇಲೆ ಡ್ಯೂಟಿ. ಉಳಿದ ಹದಿನೇಳು ಮಂದಿ ಅವಳನ್ನು ಅಕ್ಕ ಎನ್ನುತ್ತಿದ್ದರು. ಅವರಿಗೆಲ್ಲ ‘ನೀನು’ ಎನ್ನುವ ನಾನು ಅವಳಿಗೆ ಮಾತ್ರ ‘ನೀವು’ ಎನ್ನುತ್ತಿದ್ದೆ. ಮರ್ಯಾದೆ ಕೊಟ್ಟದ್ದು ಅಷ್ಟರಲ್ಲೇ ಮುಗಿಯಿತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟು ಕೊಡುತ್ತೇವೆ. ಅದರಲ್ಲಿ ಬೆಳೆದಿರುವ ಜೀವಿಗೆ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಯಾವುದೆಂದು ಹೇಳಬೇಕು. ಅಕ್ಕನದು ಹದಿನಾಲ್ಕನೇ ನಂಬರು. ನನ್ನ ಪಟ್ಟಿಯ ಪ್ರಕಾರ ಅವಳಿಗೆ ಕಾಣಬೇಕಾದದ್ದು ನೇರಳೆ ಬಣ್ಣದ ದುಂಡು ಕಣಗಳ ಗೊಂಚಲು. ಅವಳು ಬರೆದದ್ದು ಗುಲಾಬಿ ಬಣ್ಣದ ಕಡ್ಡಿಗಳು. ಸೇರಿದ ಮೊದಲ ವಾರದಲ್ಲೂ ಯಾರೂ ಹೀಗೆ ತಪ್ಪು ಮಾಡುವುದಿಲ್ಲ.

“ಮೂರು ಸಲ ನೋಡಿದೀನಿ ಮೇಡಂ. ನೀವೇ ಒಂದ್ಸಲ ನೋಡಿ,” ಎಂದು ಅವಳು ಮೈಕ್ರೋಸ್ಕೋಪಿನ ಮುಂದಿನಿಂದ ಎದ್ದು ಜಾಗ ಬಿಟ್ಟಳು.

ನಾನು ಬಗ್ಗಿ ನೋಡಲಿಲ್ಲ. ಉತ್ತರ ಕೈಯಲ್ಲೇ ಇತ್ತಲ್ಲ.

“ನೋಡೋದೇನಿದೆ? ಕಡ್ಡಿಗೂ ದುಂಡು ಕಣಕ್ಕೂ ವ್ಯತ್ಯಾಸ ಗೊತ್ತಾಗದ ಕಣ್ಣಲ್ಲಿ ರೋಗಿಗಳ ಸ್ಲೈಡ್ ಹೇಗೆ ನೋಡ್ತೀರಿ? ಅವರ ಜೀವದ ಪ್ರಶ್ನೆ ಅಲ್ವಾ?” ಎಂದೆ.

ಎಲ್ಲರೂ ಕೇಳಿಸಿಕೊಂಡರು. ಅವಳು ಕೋಟು ಬಿಚ್ಚಿ ಮಡಚಿದಳು. ಆ ಒಂದು ಪ್ರಶ್ನೆಗೆ ಸೊನ್ನೆ ಬಿತ್ತು, ಸೊನ್ನೆಯಿಂದ ಪರೀಕ್ಷೆ ಹೋಯಿತು, ಪರೀಕ್ಷೆಯ ಜೊತೆಗೆ ವರ್ಷವೂ ಹೋಯಿತು.

ಹದಿನೈದು ದಿನ ಕಳೆದ ಮೇಲೆ ಹಳೆಯ ಪ್ಲೇಟುಗಳನ್ನು ಆಟೋಕ್ಲೇವಿಗೆ ತುಂಬುತ್ತಿದ್ದೆ. ಅದು ದೊಡ್ಡ ಗಾತ್ರದ ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಒಳಗೆ ಹೋದದ್ದು ಏನೂ ಬದುಕುವುದಿಲ್ಲ. ಹದಿನೈದನೇ ನಂಬರಿನ ವಿದ್ಯಾರ್ಥಿ ಪರೀಕ್ಷೆಗೆ ಬಂದಿರಲಿಲ್ಲ, ಹಾಗಾಗಿ ಆ ಪ್ಲೇಟನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಎತ್ತಿದೆ. ಒಳಗೆ ಚಿನ್ನದ ಬಣ್ಣದ ಚುಕ್ಕೆಗಳು. ನೇರಳೆ ಗೊಂಚಲಿನ ಆ ಜೀವಿ ಪ್ಲೇಟಿನಲ್ಲಿ ಬರಿಗಣ್ಣಿಗೆ ಕಾಣುವುದು ಹೀಗೇ, ಅದು ಇರಬೇಕಾದದ್ದು ಹದಿನಾಲ್ಕರಲ್ಲಿ.

ಎರಡನ್ನೂ ತಿರುಗಿಸಿ ನೋಡಿದೆ. ತಳದಲ್ಲಿ ನಂಬರೇ ಇಲ್ಲ!

ಆಗ ಪರೀಕ್ಷೆಯ ದಿನದ ಬೆಳಿಗ್ಗೆ ಒಂದೊಂದಾಗಿ ನೆನಪಿಗೆ ಬಂತು. ಅಟೆಂಡರ್ ರಜೆಯಲ್ಲಿದ್ದರು, ಎಲ್ಲ ನಾನೇ ಮಾಡುತ್ತಿದ್ದೆ. ಫ್ರಿಜ್ಜಿನಿಂದ ತೆಗೆದ ಪ್ಲೇಟುಗಳ ತಳ ಒದ್ದೆಯಾಗಿ ಮಾರ್ಕರ್ ಹಿಡಿಯಲಿಲ್ಲ. ಆಮೇಲೆ ತಳಕ್ಕೆ ಬರೆದರಾಯಿತು ಎಂದು ಮುಚ್ಚಳಕ್ಕೆ ಬರೆದೆ. ಎರಡು ಮುಚ್ಚಳಗಳ ಒಳಗೆ ನೀರು ನಿಂತಿತ್ತು. ಬರ್ನರ್ ಪಕ್ಕ ಎರಡನ್ನೂ ಒಟ್ಟಿಗೆ ತೆಗೆದು ನೀರು ಕೊಡವಿ, ಯಾವುದು ಯಾವುದರದೆಂದು ನೋಡದೆ ಮುಚ್ಚಿದೆ. ಆಗಲೇ ಗಂಟೆ ಹೊಡೆಯಿತು. ಆ ‘ಆಮೇಲೆ’ ಬರಲೇ ಇಲ್ಲ.

ಹದಿನಾಲ್ಕರಿಂದ ಒಂದಿಷ್ಟು ತೆಗೆದು ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಕಣ್ಣಿಟ್ಟೆ. ಗುಲಾಬಿ ಕಡ್ಡಿಗಳು. ಅವಳು ಬರೆದದ್ದು ಬರೆದ ಹಾಗೇ ಇತ್ತು.

ಆಟೋಕ್ಲೇವಿನ ಬಾಗಿಲು ತೆರೆದೇ ಇತ್ತು. ಎರಡು ಪ್ಲೇಟು ಒಳಗೆ ಹಾಕಿ ಗುಂಡಿ ಒತ್ತಿದ್ದರೆ ಅರ್ಧ ಗಂಟೆಯಲ್ಲಿ ಕಥೆ ಮುಗಿಯುತ್ತಿತ್ತು. ಹಾಗೆ ಯೋಚಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಯೋಚಿಸಿದೆ, ಸ್ವಲ್ಪ ಹೊತ್ತು ಚೆನ್ನಾಗಿಯೇ ಯೋಚಿಸಿದೆ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಆಮೇಲೆ ಪ್ಲೇಟುಗಳನ್ನು ಫ್ರಿಜ್ಜಿನಲ್ಲಿ ಇಟ್ಟು ಬೀಗ ಹಾಕಿ ಮನೆಗೆ ಫೋನ್ ಮಾಡಿದೆ.

“ಊಟಕ್ಕೆ ಕಾಯ್ಬೇಡಿ. ತಡ ಆಗುತ್ತೆ.”

“ಇವತ್ತು ಯಾರನ್ನ ಫೇಲ್ ಮಾಡ್ತಿದೀಯಾ?” ಎಂದು ಗಂಡ ನಕ್ಕರು.

“ನನ್ನನ್ನೇ,” ಎಂದೆ.

ವಿಭಾಗದ ಮುಖ್ಯಸ್ಥರು ಪ್ಲೇಟು ನೋಡಿದರು, ಸ್ಲೈಡು ನೋಡಿದರು, ನಡೆದದ್ದನ್ನು ನಾನು ಬರೆದುಕೊಟ್ಟ ಕಾಗದ ಓದಿದರು. ನನ್ನ ಮೇಲೆ ವಿಚಾರಣೆ ಆಗುತ್ತದೆ ಎಂದರು. ಅಕ್ಕನ ಅಂಕವನ್ನು ಅಂದೇ ತಿದ್ದಿಸಿದರು.

ತಿದ್ದಿದ ಅಂಕಪಟ್ಟಿ ಹಿಡಿದು ಆಸ್ಪತ್ರೆಗೆ ಹೋದೆ. ಲ್ಯಾಬಿನಲ್ಲಿ ಅವಳಿರಲಿಲ್ಲ. ಹೊರರೋಗಿಗಳ ಕೌಂಟರಿನ ಗಾಜಿನ ಹಿಂದೆ ಕೂತು ಚೀಟಿ ಬರೆಯುತ್ತಿದ್ದಳು.

“ಇಲ್ಲೇನು ಮಾಡ್ತಿದೀರಿ?”

“ನಾನೇ ಕೇಳಿ ಹಾಕಿಸ್ಕೊಂಡೆ ಮೇಡಂ. ನೀವು ಹೇಳಿದ್ಮೇಲೆ ಪ್ರತಿ ಸ್ಲೈಡೂ ನಾಲ್ಕು ಸಲ, ಐದು ಸಲ ನೋಡ್ತಿದ್ದೆ. ಆದ್ರೂ ಸಹಿ ಹಾಕೋಕೆ ಧೈರ್ಯ ಬರ್ತಿರ್ಲಿಲ್ಲ. ಜೀವದ ಪ್ರಶ್ನೆ ಅಲ್ವಾ?”

ನನ್ನ ಮಾತನ್ನೇ ಅವಳು ಹೇಳಿದಳು. ಚುಚ್ಚಲು ಹೇಳಿದ್ದಲ್ಲ, ನಂಬಿ ಹೇಳಿದ್ದು. ನಡೆದದ್ದೆಲ್ಲ ಹೇಳಿ ಅಂಕಪಟ್ಟಿಯನ್ನು ಗಾಜಿನ ಕೆಳಗೆ ತಳ್ಳಿದೆ. ಅವಳು ಓದಿದಳು. ಸಾಲಿನಲ್ಲಿದ್ದ ಮುದುಕರೊಬ್ಬರು ಕೆಮ್ಮುತ್ತಾ ಕಾಯುತ್ತಿದ್ದರು. ಅವರ ಚೀಟಿ ಬರೆದುಕೊಟ್ಟ ಮೇಲೆಯೇ ನನ್ನತ್ತ ತಿರುಗಿದಳು.

“ಅಂದ್ರೆ ನಾನು ನೋಡಿದ್ದು ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು. ನೋಡದೇ ಇದ್ದವಳು ನಾನು. ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ. ನಿಮ್ಮ ಜಾಗಕ್ಕೆ ವಾಪಸ್ ಹೋಗಿ.”

“ಅಲ್ಲಿಗೆ ಬೇರೆಯವರನ್ನ ಹಾಕಿಬಿಟ್ಟಿದಾರೆ ಮೇಡಂ, ಸೋಮವಾರದಿಂದ,” ಎಂದು ಕಣ್ಣೊರೆಸಿಕೊಂಡಳು. “ಕಣ್ಣು ಸರಿ ಇಲ್ಲ ಅಂತ ನಾನೇ ಬರ್ಕೊಟ್ಟಿದೀನಿ. ಈಗ ಸರಿ ಇದೆ ಅಂದ್ರೆ ಯಾರು ನಂಬ್ತಾರೆ?”

ಲ್ಯಾಬಿನ ಹಿರಿಯ ವೈದ್ಯರ ಕೋಣೆ ಎಲ್ಲಿ ಎಂದು ಕೇಳಿದೆ. ಅವಳು ಎರಡನೇ ಮಹಡಿ ಎಂದಳು. ಅವರ ಬಾಗಿಲ ಮುಂದೆಯೂ ಸಾಲಿತ್ತು. ನಾನು ಹೋಗಿ ಕೊನೆಯಲ್ಲಿ ನಿಂತೆ.