ತೇಜಕ್ಕನ ನಂಬರು

ಸಿದ್ದಾಪುರದ ಬಸ್ ನಿಲ್ದಾಣದ ಎದುರು, ಬೇಕರಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ತೇಜಸ್ವಿನಿಯ ಆನ್‌ಲೈನ್ ಸೆಂಟರು. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಪಿಂಚಣಿ, ಕಾಲೇಜಿನ ಅರ್ಜಿ, ಏನೇ ಬೇಕಾದರೂ ಸುತ್ತಲಿನ ಎಸ್ಟೇಟುಗಳ ಜನ ಆ ಮೆಟ್ಟಿಲನ್ನೇ ಹತ್ತಬೇಕು. ಅವಳಿಗೆ ಇಪ್ಪತ್ತೇಳು ವರ್ಷ. ಆದರೂ ಅರವತ್ತು ದಾಟಿದ ಬೊಳ್ಳಪ್ಪನಿಂದ ಹಿಡಿದು ಎಲ್ಲರಿಗೂ ಅವಳು ತೇಜಕ್ಕ. ಒಂದು ಊರು ನಿಮ್ಮನ್ನು ಅಕ್ಕ ಎಂದು ಕರೆಯಲು ಶುರುಮಾಡಿತೆಂದರೆ ಸ್ವಲ್ಪ ಹುಷಾರಾಗಿರಬೇಕು. ಆಮೇಲೆ ನಿಮಗೆ ಊಟವಾಯಿತೇ ಎಂದು ಯಾರೂ ಕೇಳುವುದಿಲ್ಲ.

ಸರ್ಕಾರದ ಯಾವ ಅರ್ಜಿ ತೆರೆದರೂ ಮೊದಲು ಕೇಳುವುದು ಮೊಬೈಲ್ ನಂಬರು. ಅದಕ್ಕೊಂದು ಓಟಿಪಿ ಬರಬೇಕು, ಬಂದದ್ದನ್ನು ತುಂಬಬೇಕು, ಆಮೇಲೆಯೇ ಮುಂದಿನ ಪುಟ. ಎಸ್ಟೇಟಿನ ಕೂಲಿಗಳಿರುವ ಲೈನ್ ಮನೆಗಳ ಜನರೋ, ಆಫರ್ ಬಂದಾಗಲೆಲ್ಲ ಸಿಮ್ ಬದಲಿಸುವವರು. ಕೆಲವರ ಮನೆಯಲ್ಲಿ ಇರುವುದೇ ಒಂದು ಫೋನು, ಅದು ಗಂಡನ ಜೇಬಿನಲ್ಲಿ, ಗಂಡ ವಿರಾಜಪೇಟೆಯಲ್ಲಿ. ಮೊದಲ ಆರು ತಿಂಗಳು ತೇಜಸ್ವಿನಿ ಒಬ್ಬೊಬ್ಬರನ್ನೂ ಕೇಳಿದಳು, ಕಾದಳು, ವಾಪಸು ಕಳಿಸಿದಳು, ಬೈಸಿಕೊಂಡಳು. ಆಮೇಲೆ ಸಾಕಪ್ಪ ಸಾಕು ಎಂದು ಎಲ್ಲರಿಗೂ ತನ್ನದೇ ನಂಬರು ಹಾಕತೊಡಗಿದಳು. ಕೆಲಸ ಹೂವೆತ್ತಿದಷ್ಟು ಸಲೀಸಾಯಿತು. ಹೀಗೆ ಮಾಡಬಾರದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಜನ ಸಂತೋಷದಿಂದ ಇಳಿದು ಹೋಗುತ್ತಿದ್ದರು, ನಾಲ್ಕು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಜನರ ಕಾಗದಪತ್ರಗಳಲ್ಲಿ ಅವಳ ನಂಬರೇ ಕೂತಿತ್ತು. ಯಾರ ಪಿಂಚಣಿ ಮಂಜೂರಾಯಿತು, ಯಾರ ಅರ್ಜಿ ತಿರಸ್ಕಾರವಾಯಿತು, ಯಾರ ಮಗುವಿಗೆ ಲಸಿಕೆಯ ದಿನ ಬಂತು, ಎಲ್ಲ ಸುದ್ದಿಯೂ ಮೊದಲು ಅವಳಿಗೆ, ಆಮೇಲೆ ಅವರವರಿಗೆ.

ಸೆಂಟರಿನ ಹಿಂದೆಯೇ ಒಂದು ಕೋಣೆ, ಅವಳ ವಾಸ ಅಲ್ಲಿ. ಅಪ್ಪ ಕೆಂಪಣ್ಣ, ಅಮ್ಮ ಕಾಮಾಕ್ಷಮ್ಮ ಇರುವುದು ಕುಶಾಲನಗರದ ಆಚೆಯ ಹಳ್ಳಿಯಲ್ಲಿ, ಶುಂಠಿ, ಮುಸುಕಿನ ಜೋಳ ಬೆಳೆದುಕೊಂಡು. ಭಾನುವಾರ ಬಸ್ಸು ಹತ್ತಿ ಹೋಗಿಬರುತ್ತಾಳೆ. ಉಳಿದ ಆರು ದಿನ ಸಂಜೆ ಶಟರ್ ಎಳೆದ ಮೇಲೆ ಒಂದು ಲೋಟ ಕಾಫಿ ಮಾಡಿಕೊಂಡು ಫೋನು ನೋಡುತ್ತಾ ಕೂರುತ್ತಾಳೆ. ನಲವತ್ತು, ಐವತ್ತು ಮೆಸೇಜು. ಪ್ರಿಯ ಚೋಮ, ಪ್ರಿಯ ಪಾಪ, ಪ್ರಿಯ ಸಣ್ಣಸ್ವಾಮಿ. ಪ್ರಿಯ ತೇಜಸ್ವಿನಿ ಎಂದು ಶುರುವಾಗುವುದು ರೀಚಾರ್ಜ್ ಮುಗಿಯುತ್ತಿದೆ ಎಂದು ಎಚ್ಚರಿಸುವ ಕಂಪನಿಯದೊಂದೇ. ಅದನ್ನು ಓದಿ ಒಂದೊಂದು ದಿನ ಅವಳಿಗೆ ನಗು ಬರುತ್ತಿತ್ತು, ಒಂದೊಂದು ದಿನ ಬರುತ್ತಿರಲಿಲ್ಲ.

ಈ ಕೆಲಸವೇ ಅವಳ ತಲೆಯಲ್ಲಿ ಹುಳ ಬಿಟ್ಟದ್ದು. ಈ ಅರ್ಜಿಗಳ ಪುಟಗಳನ್ನು ತಯಾರಿಸುವ ಮಹಾನುಭಾವರು ಒಂದೇ ಒಂದು ದಿನ ಇಲ್ಲಿ ಬಂದು ಕೂತಿದ್ದರೆ ಹೀಗೆ ಮಾಡುತ್ತಿದ್ದರೇ ಎಂದು ಸಿಟ್ಟು ಬಂದು ಹುಡುಕಿದಾಗ, ಅದಕ್ಕೆಂದೇ ಒಂದು ಓದು ಇರುವುದು ಗೊತ್ತಾಯಿತು. ಹ್ಯೂಮನ್ ಕಂಪ್ಯೂಟರ್ ಇಂಟರಾಕ್ಷನ್ ಎಂದು ಹೆಸರು. ಯಂತ್ರ ಮನುಷ್ಯರ ಕೈಗೂ ತಲೆಗೂ ಒಗ್ಗಬೇಕಾದರೆ ಏನು ಮಾಡಬೇಕು ಎಂದು ಕಲಿಸುವ ವಿದ್ಯೆ. ಎಂಜಿನಿಯರಿಂಗ್ ಮುಗಿಸಿದ್ದಳಲ್ಲ, ಎರಡು ಕಡೆ ಅರ್ಜಿ ಹಾಕಿದಳು. ಒಂದು ಮೈಸೂರಿನಲ್ಲಿ. ಶನಿವಾರ, ಭಾನುವಾರ ಮಾತ್ರ ತರಗತಿ, ಸೆಂಟರು ನಡೆಸಿಕೊಂಡೇ ಓದಬಹುದು. ಇನ್ನೊಂದು ದೂರದ ಅಸ್ಸಾಮಿನಲ್ಲಿ. ಎರಡು ವರ್ಷ ಅಲ್ಲೇ ಹಾಸ್ಟೆಲಿನಲ್ಲಿದ್ದು ಓದಬೇಕು. ಅಲ್ಲಿಯ ಪ್ರಾಧ್ಯಾಪಕಿಯೊಬ್ಬರ ಲೇಖನಗಳು ಅವಳಿಗೆ ಬಾಯಿಪಾಠವಾಗಿದ್ದವು. ಮೈಸೂರಿನ ಸೀಟು ಮೊದಲೇ ಸಿಕ್ಕಿತು. ಅಸ್ಸಾಮಿನವರು ಸಂದರ್ಶನಕ್ಕೆ ಕರೆದರು.

ಯಾವುದು ಒಳ್ಳೆಯದೆಂದು ಕೇಳಲು ಯಾರಿದ್ದರು? ಮಗಳು ಕಂಪ್ಯೂಟರಿಗೂ ಮನುಷ್ಯರಿಗೂ ಸಂಬಂಧ ಕುದುರಿಸುವ ಕೋರ್ಸು ಓದುತ್ತಾಳಂತೆ, ಮೊದಲು ಅವಳದೊಂದು ಕುದುರಿದರೆ ಸಾಕಿತ್ತು ಎಂದು ಕೆಂಪಣ್ಣ ಪಕ್ಕದ ಹೊಲದವರಿಗೆ ಹೇಳಿ ನಗಿಸಿದ. ಮೈಸೂರಾದರೆ ನಮ್ಮಕ್ಕನ ಮಗಳ ಮನೆ ಇದೆ ಎಂದಳು ಕಾಮಾಕ್ಷಮ್ಮ. ಅಸ್ಸಾಂ ಎಷ್ಟು ದೂರ ಎಂದೂ ಕೇಳಲಿಲ್ಲ. ಕಾಲೇಜಿನ ಗೆಳೆಯ ದೀಪಕನಿಗೆ ಉದ್ದದ ಮೆಸೇಜು ಬರೆದಳು. ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ ಸುಮ್ಮನಾದ. ಅವಳ ಮನಸ್ಸೆಲ್ಲ ಅಸ್ಸಾಮಿನ ಕಡೆ. ಆದರೂ ತಾನು ಹೋದರೆ ಈ ಮುನ್ನೂರು ಜನರ ಗತಿಯೇನು ಎಂದುಕೊಂಡು ಮೈಸೂರಿಗೇ ಒಪ್ಪಿಕೊಳ್ಳುವವಳಿದ್ದಳು. ನಿಜ ಹೇಳಬೇಕೆಂದರೆ ಆ ಮಾತಿನಲ್ಲಿ ಚಿಂತೆಗಿಂತ ಜಂಬವೇ ಹೆಚ್ಚಿತ್ತು.

ಸಂದರ್ಶನ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಕಂಪ್ಯೂಟರಿನಲ್ಲೇ. ಶಟರ್ ಎಳೆದು, ಫೋನಿನ ಸದ್ದು ತೆಗೆದು, ಬೋರಲು ಹಾಕಿ ಕೂತಳು. ಜನರ ಯಾವ ಕಷ್ಟವನ್ನು ಹತ್ತಿರದಿಂದ ನೋಡಿದ್ದೀರಿ, ಅದಕ್ಕೆ ಏನು ಮಾಡಿದಿರಿ ಎಂದು ಆ ಪ್ರಾಧ್ಯಾಪಕಿಯೇ ಕೇಳಿದರು. ತೇಜಸ್ವಿನಿ ತನ್ನ ನಂಬರಿನ ಕಥೆಯನ್ನು ಹೇಳಿದಳು. ಹೇಳುತ್ತಾ ಹೇಳುತ್ತಾ ರಂಗೇರಿತು. ಅವರು ಕನ್ನಡಕ ತೆಗೆದು ಕೇಳಿದರು, ಏನೋ ಬರೆದುಕೊಂಡರು, ಇಂಥದ್ದನ್ನು ನಾವು ಪುಸ್ತಕದಲ್ಲಿ ನೋಡಿಲ್ಲ ಎಂದರು. ಮುಗಿದ ಕೂಡಲೇ ಶಟರ್ ಎತ್ತಿದಳು. ಖುಷಿ ತಡೆಯಲಾರದೆ ಕೆಳಗಿಳಿದು ಬೇಕರಿಯ ಧರ್ಮೇಶನಿಗೆ ವಿಷಯ ಹೇಳಿದಳು. ಅವನು ಬಹಳ ಒಳ್ಳೆಯದಾಯಿತು ಎಂದು, ಅದೇ ಉಸಿರಿನಲ್ಲಿ ತನ್ನ ರೇಷನ್ ಕಾರ್ಡಿನ ಮೆಸೇಜು ಬಂತೇ ಎಂದು ವಿಚಾರಿಸಿದ. ಆಮೇಲೆ ಎರಡು ಮೂರು ದಿನ ಅವಳು ಫೋನನ್ನು ಸರಿಯಾಗಿ ನೋಡಲೇ ಇಲ್ಲ. ನೋಡಿದರೂ ಕಣ್ಣು ಅಸ್ಸಾಮಿನ ಉತ್ತರವನ್ನೇ ಹುಡುಕುತ್ತಿತ್ತು.

ಶುಕ್ರವಾರ ಉತ್ತರ ಬಂತು. ಸೀಟು ಕೊಟ್ಟಿದ್ದರು. ಮುಂದಿನ ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ಮತ್ತೆ ಮತ್ತೆ ಓದಿದಳು. ಆ ಗೆಲುವಿನಲ್ಲೇ ಹಳೆಯ ಮೆಸೇಜುಗಳನ್ನು ಮುಗಿಸಿಬಿಡೋಣ ಎಂದು ಮೇಲೆ ಮೇಲೆ ಸರಿಸುತ್ತಾ ಹೋದಳು. ಅಲ್ಲಿ, ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಬಂದದ್ದು: ಪ್ರಿಯ ಶೋಭಿತಾ, ನಿಮಗೆ ನರ್ಸಿಂಗ್ ಸೀಟು ಹಂಚಿಕೆಯಾಗಿದೆ, ನಲವತ್ತೆಂಟು ಗಂಟೆಯೊಳಗೆ ಖಚಿತಪಡಿಸಿ. ಗುರುವಾರದ್ದು ಅದರ ಕೆಳಗೆ: ಪ್ರಿಯ ಶೋಭಿತಾ, ನಿಮ್ಮ ಸೀಟು ರದ್ದಾಗಿದೆ.

ತೇಜಸ್ವಿನಿ ತಾರೀಖು ನೋಡಿದಳು, ಗಡುವು ನಿನ್ನೆಗೇ ಮುಗಿದಿತ್ತು. ಶೋಭಿತಾ ಎಂದರೆ ಮುತ್ತಿಯ ಮಗಳು. ಮುತ್ತಿ ಎರಡು ಮೈಲಿ ಆಚೆಯ ಎಸ್ಟೇಟಿನ ಲೈನಿನಲ್ಲಿರುವವಳು, ಹುಟ್ಟಿದಾಗಿನಿಂದ ತೋಟದ ಕೆಲಸ. ಆ ಲೈನಿನಲ್ಲಿ ಪಿಯುಸಿ ಸೈನ್ಸ್ ಪಾಸಾದವಳು ಈ ಹುಡುಗಿಯೊಬ್ಬಳೇ. ಅರ್ಜಿ ಹಾಕುವ ದಿನ ತಾಯಿ ಮಗಳು ಇಬ್ಬರೂ ಒಳ್ಳೆಯ ಬಟ್ಟೆ ತೊಟ್ಟು ಬಂದಿದ್ದರು, ಫೋಟೋ ತೆಗೆಯಲಿಕ್ಕೇನೋ ಎಂಬಂತೆ.

ಸೀಟು ಹಂಚುವ ಕಚೇರಿಗೆ ಆ ದಿನ ಹನ್ನೊಂದು ಸಲ ಫೋನು ಮಾಡಿದಳು. ಒಮ್ಮೆ ಎತ್ತಿದವರು, ಗಡುವು ಮುಗಿದಿದೆ, ಸೀಟು ಬೇರೆಯವರಿಗೆ ಹೋಗಿದೆ, ಅಭ್ಯರ್ಥಿ ತನ್ನ ಫೋನು ತಾನೇ ನೋಡಿಕೊಳ್ಳಬೇಕಿತ್ತು ಎಂದರು. ತಪ್ಪೇನೂ ಹೇಳಲಿಲ್ಲ ಅವರು. ಸೋಮವಾರ ಮುತ್ತಿ ಸಂತೆಗೆ ಬಂದವಳು ಮೆಟ್ಟಿಲು ಹತ್ತಿ, ಸೀಟಿನದ್ದು ಏನಾದರೂ ಗೊತ್ತಾಯಿತೇ ಎಂದು ಕೇಳಿದಳು. ಇನ್ನೂ ನೋಡಬೇಕು ಎಂದುಬಿಟ್ಟಳು ತೇಜಸ್ವಿನಿ. ಬಾಯಿಂದ ಮಾತು ಜಾರಿದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತನ್ನ ಸೀಟು ಸಿಕ್ಕಿದ್ದು ಯಾವ ನಂಬರಿನ ಕಥೆ ಹೇಳಿಯೋ, ಆ ಹುಡುಗಿಯ ಸೀಟು ಹೋದದ್ದೂ ಅದೇ ನಂಬರಿನಿಂದ. ಅಸ್ಸಾಮಿಗೆ ಹೋಗುವ ಮುಖ ತನಗಿಲ್ಲ, ಮೈಸೂರೇ ಸರಿ, ಇಲ್ಲೇ ಇದ್ದು ಈ ಜನರ ಋಣ ತೀರಿಸುತ್ತೇನೆ ಎಂದು ತೀರ್ಮಾನಿಸಿದಳು. ಆ ಪ್ರಾಧ್ಯಾಪಕಿಗೆ ನಡೆದದ್ದನ್ನೆಲ್ಲ ಬರೆದು ಮೇಲ್ ಕಳಿಸಿದಳು. ಅರ್ಧ ನಿಮಿಷದಲ್ಲಿ ಉತ್ತರ ಬಂತು: ನಾನು ರಜೆಯಲ್ಲಿದ್ದೇನೆ, ಹಿಂತಿರುಗಿದ ಮೇಲೆ ಉತ್ತರಿಸುತ್ತೇನೆ. ಯಂತ್ರ ಕಳಿಸಿದ ಉತ್ತರ ಅದು.

ಬುಧವಾರ ತೋಟದ ಕೆಲಸ ಬಿಡುವ ಹೊತ್ತಿಗೆ ಲೈನಿಗೆ ನಡೆದೇ ಹೋದಳು. ಮುತ್ತಿ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಶೋಭಿತಾ ಚಾಪೆ ಹಾಸಿ, ಕಪ್ಪು ಕಾಫಿ ತಂದಿಟ್ಟಳು. ತೇಜಸ್ವಿನಿ ಕಾಫಿ ಮುಟ್ಟದೆ, ಸುತ್ತಿ ಬಳಸದೆ, ಸೀಟು ಬಂದದ್ದು, ತಾನು ನೋಡದೇ ಹೋದದ್ದು, ಸೋಮವಾರ ಸುಳ್ಳು ಹೇಳಿದ್ದು ಎಲ್ಲವನ್ನೂ ಹೇಳಿದಳು. ಮುತ್ತಿ ಬಯ್ಯುತ್ತಾಳೆ, ಅಳುತ್ತಾಳೆ, ಅಕ್ಕಪಕ್ಕದವರನ್ನು ಕರೆದು ಸೇರಿಸುತ್ತಾಳೆ ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಮುತ್ತಿ ಸೆರಗಿನಿಂದ ಕೈ ಒರೆಸಿಕೊಂಡು ಕೇಳಿದ್ದು ಇಷ್ಟೇ.

"ಹಾಗಾದ್ರೆ ಸೀಟು ಬಂದಿತ್ತಾ ತೇಜಕ್ಕ?"

ಬಂದಿತ್ತು ಎಂದಳು.

ಮುತ್ತಿ ಮಗಳ ಕಡೆ ತಿರುಗಿ ನೋಡಿದಳು. ಆ ಮುಖದಲ್ಲಿ ಒಂದು ಗಳಿಗೆ ಹೆಮ್ಮೆ ಕಾಣಿಸಿತು, ಸತ್ಯವಾಗಿಯೂ ಹೆಮ್ಮೆಯೇ. ಅದನ್ನು ನೋಡುವುದಕ್ಕಿಂತ ಕಪಾಳಕ್ಕೆ ಎರಡು ಬಿದ್ದಿದ್ದರೆ ತೇಜಸ್ವಿನಿಗೆ ಹಗುರವಾಗುತ್ತಿತ್ತು.

ಶೋಭಿತಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ತಾಯಿಯ ಹಾಗಲ್ಲ. ಒಳಗೆ ಹೋಗಿ, ಗಾಜು ಬಿರುಕು ಬಿಟ್ಟ ಒಂದು ಫೋನು ತಂದು ಚಾಪೆಯ ಮೇಲಿಟ್ಟಳು.

"ನನ್ನ ಹತ್ರ ಫೋನ್ ಇತ್ತಲ್ಲ ಅಕ್ಕ. ಅರ್ಜಿ ಹಾಕಿದ್ ದಿನ ಕೈಯಲ್ಲೇ ಹಿಡ್ಕೊಂಡಿದ್ದೆ. ನೀವು ಕೇಳ್ಲೇ ಇಲ್ಲ."

ಎರಡು ವರ್ಷದಿಂದ ಒಂದೇ ನಂಬರು ಎಂದಳು ಹುಡುಗಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವುದು, ಅಲ್ಲಿಯವರೆಗೆ ಅಮ್ಮನ ಜೊತೆ ತೋಟಕ್ಕೆ ಹೋಗುವುದು ಎಂದೂ ಹೇಳಿದಳು. ಸಿಟ್ಟು ಮಾಡದೆ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು. ಕಾಫಿ ಆರಿಹೋಗಿತ್ತು. ಅದನ್ನು ಕುಡಿದೇ ಎದ್ದಳು ತೇಜಸ್ವಿನಿ, ಬಿಟ್ಟು ಹೋದರೆ ಅದೂ ಒಂದು ಅವಮಾನವಾದೀತೆಂದು.

ತಿರುಗಿ ನಡೆಯುವಾಗ ಆ ಒಂದು ಮಾತೇ ಕಿವಿಯಲ್ಲಿ. ನಾಲ್ಕು ವರ್ಷ ಜನರ ಎದುರೇ ಕೂತಿದ್ದಳು, ಮೊದಲ ಆರು ತಿಂಗಳು ಬಿಟ್ಟರೆ ಒಬ್ಬರನ್ನೂ ಕೇಳಿರಲಿಲ್ಲ. ಯಾರ ಹತ್ತಿರ ಏನಿಲ್ಲ ಎಂಬುದನ್ನು ಅವಳೇ ನಿರ್ಧರಿಸಿಬಿಟ್ಟಿದ್ದಳು. ಎಲ್ಲೋ ಕೂತು ಅರ್ಜಿಯ ಪುಟ ಮಾಡುವವರಿಗೂ ತನಗೂ ಏನು ವ್ಯತ್ಯಾಸ? ಊರಿನ ಉಪಕಾರ ಮಾಡಬಾರದು, ಹೆಣದ ಶೃಂಗಾರ ಮಾಡಬಾರದು ಎಂದು ಕೆಂಪಣ್ಣ ಯಾವಾಗಲೂ ಹೇಳುತ್ತಿದ್ದ. ಆದರೆ ಇದು ಉಪಕಾರವೂ ಆಗಿರಲಿಲ್ಲ. ಒಂಟಿ ಹೆಂಗಸಿನ ಫೋನು ದಿನವಿಡೀ ಸದ್ದು ಮಾಡುತ್ತಿರಲಿ ಎಂಬ ಆಸೆಯೂ ಅದರಲ್ಲಿತ್ತು. ಇದು ಅವಳಿಗೆ ಆ ದಾರಿಯಲ್ಲೇ ಹೊಳೆದದ್ದು.

ಗುರುವಾರ ಬೆಳಿಗ್ಗೆ ಮೆಟ್ಟಿಲ ಬಾಯಿಗೆ ಚೀಟಿ ಅಂಟಿಸಿದಳು: ನಿಮ್ಮ ನಿಮ್ಮ ನಂಬರು ಹಾಕಿಸಿಕೊಳ್ಳಿ. ಬಂದವರ ಕೈಯಲ್ಲಿ ಎಲ್ಲ ಲೈನುಗಳಿಗೂ ಹೇಳಿ ಕಳಿಸಿದಳು. ಗಲಾಟೆಯಾಗುತ್ತದೆ, ಜನ ಕೈಬಿಡಬೇಡ ಎಂದು ಗೋಗರೆಯುತ್ತಾರೆ ಎಂದು ಕಾದದ್ದೇ ಬಂತು. ಚೋಮ ಬಂದ, ತನ್ನ ನಂಬರು ಹೇಳಿದ, ಹೋದ. ಪಾಪ ಎಂಬ ಮುದುಕಿ ಮೊಮ್ಮಗನನ್ನು ಕರೆತಂದಳು. ಬೊಳ್ಳಪ್ಪನಿಗೆ ಮಗಳ ನಂಬರು ಬಾಯಿಪಾಠವಿತ್ತು, ಹತ್ತಂಕಿಯನ್ನೂ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ನಂಬರಿಲ್ಲದವರು ಹತ್ತು ಹನ್ನೆರಡು ಜನ ಮಾತ್ರ, ಅವರೂ ಪಕ್ಕದ ಮನೆಯವರನ್ನು ಕೇಳಿಕೊಂಡು ಬಂದರು. ಯಾಕೆ, ಎಲ್ಲಿಗಾದರೂ ಹೋಗುತ್ತೀಯಾ ಎಂದು ಒಬ್ಬರೂ ಕೇಳಲಿಲ್ಲ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅವಳ ಫೋನು ಮೂಕವಾಗಿತ್ತು. ಇದಕ್ಕಾಗಿ ತಾನು ಮೈಸೂರು ಆರಿಸಿಕೊಳ್ಳುತ್ತಿದ್ದೆನೇ ಎನ್ನಿಸಿತು. ಇಲ್ಲೇ ಉಳಿದರೆ ಶನಿವಾರ ಕಲಿತದ್ದನ್ನು ಸೋಮವಾರ ಮರೆತು, ಮತ್ತೆ ತನ್ನ ನಂಬರನ್ನೇ ಬರೆಯುತ್ತಾ ಕೂರುತ್ತೇನೆ ಎಂಬ ಭಯವೂ ಆಯಿತು. ಕಲಿಯಬೇಕಾದದ್ದು ಇನ್ನೂ ಅ ಆ ಇ ಈ ಇಂದ ಶುರುವಾಗಬೇಕಿತ್ತು. ಅಸ್ಸಾಮಿನ ಒಪ್ಪಿಗೆಯ ಪುಟ ತೆರೆದಳು.

ನಾಲ್ಕೂವರೆಗೆ ಶೋಭಿತಾ ಬಂದಳು, ಕೆಲಸದ ಬಟ್ಟೆಯಲ್ಲೇ. ತನ್ನದೂ ಅಮ್ಮನದೂ ನಂಬರು ಬದಲಿಸಿಕೊಂಡಳು. ಹೋಗದೆ ಬೆಂಚಿನ ಮೇಲೆ ಕೂತು, ಆ ಪುಟ ಏನು ಎಂದು ಕೇಳಿದಳು. ಇಷ್ಟು ದಿನದಲ್ಲಿ ಕೇಳಿದ್ದು ಅವಳೊಬ್ಬಳೇ. ತೇಜಸ್ವಿನಿ ಕೋರ್ಸಿನ ಬಗ್ಗೆ ಹೇಳಿದಳು, ಎಷ್ಟು ದೂರ ಎಂಬುದನ್ನೂ, ಅಲ್ಲಿ ತನಗೆ ಯಾರೂ ಗೊತ್ತಿಲ್ಲ ಎಂಬುದನ್ನೂ ಹೇಳಿದಳು.

ಕೊನೆಯ ಪುಟದಲ್ಲಿ ಇನ್ನೊಂದು ನಂಬರು ಕೇಳುತ್ತಿತ್ತು. ನಿಮ್ಮನ್ನು ಸಂಪರ್ಕಿಸಲು ಆಗದಿದ್ದರೆ ಮೆಸೇಜು ನೋಡಿ ತಿಳಿಸುವವರದು. ಕೆಂಪಣ್ಣನ ಫೋನು ಪಂಪ್‌ಹೌಸಿನ ಮೊಳೆಗೆ ನೇತಾಡುತ್ತಿರುತ್ತದೆ. ಕಾಮಾಕ್ಷಮ್ಮ ಮೆಸೇಜು ತೆರೆದವಳೇ ಅಲ್ಲ. ದೀಪಕ ಹೆಬ್ಬೆರಳು ಎತ್ತುತ್ತಾನೆ. ಅವಳ ಫೋನಿನಲ್ಲಿ ಎಂಟುನೂರು ಹೆಸರುಗಳಿದ್ದವು, ಮೇಲಿನಿಂದ ಕೆಳಗೆ ಒಮ್ಮೆ ಸರಿಸಿ ನೋಡಿ ಇಟ್ಟುಬಿಟ್ಟಳು. ಐದಕ್ಕೆ ಹತ್ತು ನಿಮಿಷ.

"ಶೋಭಿತಾ, ಇಲ್ಲಿ ಇನ್ನೊಬ್ರ ನಂಬರ್ ಕೇಳ್ತಿದೆ. ನಿಂದು ಹಾಕ್ಬಹುದಾ? ಬೇಡ ಅಂದ್ರೂ ಪರ್ವಾಗಿಲ್ಲ."

ಹುಡುಗಿ ಪರದೆಯ ಮೇಲಿನ ಸಾಲನ್ನು ತಾನೇ ಬಗ್ಗಿ ಓದಿದಳು. ಆಮೇಲೆ ಒಂದೊಂದೇ ಅಂಕಿ ಬಿಡಿಸಿ ನಂಬರು ಹೇಳಿದಳು, ತಪ್ಪಾಗದಿರಲೆಂದು ಎರಡನೆಯ ಸಲವೂ ಹೇಳಿದಳು.

"ಮೆಸೇಜ್ ಬಂದ್ರೆ ಅವತ್ತೇ ಹೇಳ್ತೀನಿ ಅಕ್ಕ," ಎಂದಳು.