ಉಣ್ಣೆಯಂಗಿ ತೊಟ್ಟ ಪಂಪು

ಜುಮಕಾದಿರ್ ಮುದುಕನಿಗೆ ಆ ವರ್ಷ ಯಾವ ಪಂಪೂ ಹಿಡಿಸಲಿಲ್ಲ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಮೂರಕ್ಕೆ ಹೆಸರಿಟ್ಟು ಮೂಲೆಗೆ ತಳ್ಳಿದ್ದ.

ನಾರಿನ್ ಊರಿನ ಕೆಳಬೀದಿಯಲ್ಲಿ, ನದಿಗೆ ಬೆನ್ನು ಮಾಡಿ ನಿಂತ ಅವನ ಗ್ಯಾರೇಜು ಅಂದರೆ ಒಂದು ತಗಡಿನ ಸೂರು, ಅದರಡಿ ಆಳುದ್ದದ ಒಂದು ಗುಂಡಿ, ಅಷ್ಟೇ. ಗಾಡಿ ಗುಂಡಿಯ ಮೇಲೆ ಬಂದು ನಿಲ್ಲುತ್ತದೆ, ಮುದುಕ ಗುಂಡಿಗೆ ಇಳಿಯುತ್ತಾನೆ. ಬೆಟ್ಟದ ಹುಲ್ಲುಗಾವಲಿನಿಂದ ಕುರಿ ಕುದುರೆ ಹೊಡೆದುಕೊಂಡು ಜನ ಕೆಳಗಿಳಿಯುವ ಕಾಲದಲ್ಲಿ ಜೀಪುಗಳು ಅವನ ಬಾಗಿಲಿಗೆ ಸಾಲುಗಟ್ಟುತ್ತವೆ. ಬೇಸಿಗೆಯೆಲ್ಲ ಕಲ್ಲುದಾರಿ ತುಳಿದ ಗಾಡಿಗೆ ಹಿಮ ಬೀಳುವ ಮೊದಲು ಡಿಫರೆನ್ಷಿಯಲ್ ಎಣ್ಣೆ ಬದಲಾಯಿಸಲೇಬೇಕು. ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಕುಳಿತಿರುವ ಆ ಡಿಫರೆನ್ಷಿಯಲ್ ಡಬ್ಬಿಗೆ ಎಣ್ಣೆ ತುಂಬುವ ತೂತು ಇರುವುದು ಪಕ್ಕೆಯಲ್ಲಿ. ಮೇಲಿಂದ ಸುರಿಯುವ ಹಾಗಿಲ್ಲ, ಕೆಳಗಿನಿಂದ ಒತ್ತಿಯೇ ತುಂಬಬೇಕು. ಮೂವತ್ತು ವರ್ಷ ಮುದುಕ ಅದನ್ನು ಮೊಳದುದ್ದದ ಉಕ್ಕಿನ ಪಿಚಕಾರಿಯಿಂದ ಮಾಡಿದ್ದ. ಎರಡೂ ಕೈ ತಲೆಯ ಮೇಲೆತ್ತಿ, ಹಲ್ಲು ಕಚ್ಚಿ, ಒಂದೊಂದು ಡಬ್ಬಿಗೆ ನಾಲ್ಕೈದು ಸಲ.

ಈ ಸಲ ಅವನ ಬಾಯಲ್ಲಿ ಆ ಪಿಚಕಾರಿಯೇ ಕೆಟ್ಟದ್ದಾಯಿತು.

ಅವನ ಮಗ ಎರ್ನಿಸ್ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಲೋಕದ ನದಿಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು, ಸ್ಪ್ಯಾನರಿನ ಯಾವ ತುದಿ ಹಿಡಿಯಬೇಕೆಂಬುದೊಂದು ಗೊತ್ತಿರಲಿಲ್ಲ. ಆದರೂ ಅಪ್ಪನ ಮೇಲಿನ ಅಕ್ಕರೆಗೆ ರಾಜಧಾನಿ ಬಿಷ್ಕೆಕ್‌ನಿಂದ ಎಣ್ಣೆ ಕ್ಯಾನಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಂಪು ತಂದ.

"ಇದು ಸೋಪು ನೀರಿಗೆ ಸರಿ ಕಣೋ. ಈ ಚಳೀಲಿ ಗೇರ್ ಎಣ್ಣೆ ಮೇಲೆತ್ತೋ ದಮ್ಮು ಇದಕ್ಕೆಲ್ಲಿದೆ?" ಎಂದ ಮುದುಕ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎರಡನೇ ದಿನವೇ ಅದರ ಕತ್ತು ಮುರಿಯಿತು. ಆಮೇಲೆ ಸಂತೆಯಿಂದ ಹಿಡಿ ತಿರುಗಿಸುವ ಹಳೆಯ ಪಂಪೊಂದು ಬಂತು. ಗಟ್ಟಿಮುಟ್ಟಾದ ಪಂಪು, ಎಣ್ಣೆಯನ್ನೂ ಸರಾಗವಾಗಿ ಎಳೆಯಿತು. ಮುದುಕ ಅದನ್ನೂ ಬೈದ. ಯಾಕೆ ಬೈದ ಎಂದರೆ, ಅದರ ಹಿಡಿ ವಕ್ರವಂತೆ.

ನಿಜವಾಗಿ ಕೆಟ್ಟದ್ದು ಅವನ ಬಲಭುಜ. ಆಗಸ್ಟಿನಿಂದ ಕೈ ಕಿವಿಯ ಮಟ್ಟಕ್ಕೂ ಏರುತ್ತಿರಲಿಲ್ಲ. ಬಾಯಿಬಿಟ್ಟರೆ ಹೆಂಡತಿ ಝೂರಕಾನ್ ಆ ದಿನವೇ ಗುಂಡಿಗೆ ಹಲಗೆ ಮುಚ್ಚಿಸಿ, ಅವನನ್ನು ಒಲೆಯ ಪಕ್ಕದಲ್ಲಿ ಕೂರಿಸಿ, ಕಾಲ ಮೇಲೆ ಕಂಬಳಿ ಹೊದಿಸಿಬಿಡುತ್ತಾಳೆ. ಅವಳದ್ದು ಪ್ರೀತಿಯೇ, ಆದರೆ ಬೀಗ ಹಾಕುವ ಪ್ರೀತಿ. ಎಣ್ಣೆಯ ವಾಸನೆಯಿಲ್ಲದ, ಬಾಗಿಲಲ್ಲಿ ಯಾರೂ ಹಾರ್ನ್ ಹೊಡೆಯದ ಬೆಳಗನ್ನು ನೆನೆದರೇ ಮುದುಕನಿಗೆ ಹೆದರಿಕೆಯಾಗುತ್ತಿತ್ತು. ಅದಕ್ಕೇ ತನ್ನ ತಪ್ಪನ್ನೆಲ್ಲ ಪಂಪಿನ ಮೇಲೆ ಹೊರಿಸಿ ದಿನ ದೂಡುತ್ತಿದ್ದ.

ಗೊತ್ತಾದದ್ದು ಒಬ್ಬಳಿಗೆ ಮಾತ್ರ, ಸೊಸೆ ಬುರುಲ್ಚಾಗೆ. ಆ ಮನೆಯಲ್ಲಿ ಚಹಾ ಬಗ್ಗಿಸುವವಳು ಅವಳು. ಅರ್ಧರ್ಧ ಬಟ್ಟಲಿನ ಹಾಗೆ ಮಾವನಿಗೆ ಹೊತ್ತಿಗೆ ಎಂಟು ಹತ್ತು ಬಟ್ಟಲು. ಒಂದು ತಿಂಗಳಿನಿಂದ ಖಾಲಿ ಬಟ್ಟಲು ಎಡಗೈಯಿಂದ ವಾಪಸು ಬರುತ್ತಿತ್ತು. ಅವಳು ನೋಡಿದಳು, ಏನೂ ಅನ್ನಲಿಲ್ಲ. ಅನ್ನುವ ಪದ್ಧತಿಯೂ ಇಲ್ಲ. ಸೊಸೆಯಾದವಳು ಮಾವನ ಹೆಸರು ಎತ್ತಬಾರದು, ಅವನ ಮುಂದೆ ದನಿ ಏರಿಸಬಾರದು, ಬೆನ್ನು ತಿರುಗಿಸಿ ಹೊರಡಬಾರದು. ಮದುವೆಯಾಗಿ ನಾಲ್ಕು ವರ್ಷ. ಅಷ್ಟರಲ್ಲಿ ಮುದುಕ ಅವಳ ಬಾಯಿಂದ ಕೇಳಿದ್ದೆಲ್ಲ ತುಟಿಯೊಳಗಿನ ಪಿಸುಮಾತು. ಮೂವತ್ತು ವರ್ಷ ಸುತ್ತಿಗೆಯ ಸದ್ದು ಕೇಳಿದ ಕಿವಿಗೆ ಅದರಲ್ಲಿ ಅರ್ಧ ತಲುಪುತ್ತಿರಲಿಲ್ಲ.

ಅಕ್ಟೋಬರಿನ ಮೊದಲ ವಾರ ಅವಳು ಆಟ್‌ಬಾಷಿಯ ತವರಿಗೆ ಹೋಗಿ ಬಂದಳು. ಬರುವಾಗ ಹೆಗಲಲ್ಲಿ ಆಲೂಗಡ್ಡೆ ಹೊಲಕ್ಕೆ ಔಷಧಿ ಹೊಡೆಯುವ ಹಳೆಯ ಪಂಪೊಂದನ್ನು ನೇತುಹಾಕಿಕೊಂಡು ಬಂದಳು. ತೊಳೆದು ಒಣಗಿಸಿ, ಚಹಾದ ಹೊತ್ತಿಗೆ ಮಾವನಿಗೆ ಕೇಳಿಸುವಂತೆ ಅತ್ತೆಗೆ ಹೇಳಿದಳು.

"ಅತ್ತೆ, ಇದಕ್ಕೆ ಗಾಳಿ ತುಂಬಿದ್ರೆ ಸಾಕು, ಎಣ್ಣೆ ತಾನಾಗೇ ಕೊಳವೆ ಹತ್ತುತ್ತೆ. ಕೂತ್ಕೊಂಡೇ ಒತ್ತಬಹುದು. ಎಡಗೈಲೂ ಆಗುತ್ತೆ."

ಎಡಗೈ ಎಂಬ ಮಾತು ಬಿದ್ದದ್ದೇ ಮುದುಕನ ಬಟ್ಟಲು ಗಾಳಿಯಲ್ಲಿ ನಿಂತಿತು. ಝೂರಕಾನ್ ರೊಟ್ಟಿ ಮುರಿಯುತ್ತಿದ್ದಳು, ಗಮನಿಸಲಿಲ್ಲ. ಸೊಸೆ ತಲೆ ತಗ್ಗಿಸಿ ಚಹಾ ಬಗ್ಗಿಸುತ್ತಲೇ ಇದ್ದಳು. ಕಳ್ಳಿ, ಎಲ್ಲ ಗೊತ್ತಿದೆ ಇವಳಿಗೆ, ಅಂದುಕೊಂಡ ಮುದುಕ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಒಂದು ತುದಿ ಹಿಡಿದು ಎತ್ತಿದ ಹಾಗಾಯಿತು.

ಮಾವ ಸೊಸೆ ಸೇರಿ ಆ ಪಂಪನ್ನು ಬಿಚ್ಚಿದರು. ಸಣ್ಣ ಮೂತಿ ತೆಗೆದು ದಪ್ಪ ಕೊಳವೆ ಹಾಕಿದರು, ಟ್ಯಾಂಕಿನ ಬುಡಕ್ಕೆ ಹಿತ್ತಾಳೆಯ ನಲ್ಲಿ ಕೂರಿಸಿದರು. ಮೊದಲ ದಿನ ಎಣ್ಣೆ ಚಳಿಗೆ ಮಂದವಾಗಿ ಅಲ್ಲಾಡಲಿಲ್ಲ. ಬುರುಲ್ಚಾ ಎಣ್ಣೆ ಕ್ಯಾನನ್ನು ಬಿಸಿನೀರಿನಲ್ಲಿಟ್ಟಳು. ಬಿಸಿ ಆರದಿರಲೆಂದು ಪಂಪಿಗೆ ಉಣ್ಣೆ ಒತ್ತಿ ಮಾಡಿದ ದಪ್ಪ ನಮದೆಯಲ್ಲಿ ಒಂದು ಅಂಗಿ ಹೊಲಿದಳು. ನೆಲಹಾಸು ಹೊಲಿದು ಉಳಿದ ತುಂಡುಗಳಾದ್ದರಿಂದ ಅದರ ಮೇಲೆ ಕೆಂಪು ಕಪ್ಪು ಟಗರಿನ ಕೊಂಬಿನ ಚಿತ್ತಾರವೂ ಬಂತು.

"ಇಷ್ಟು ಸಿಂಗಾರ ಮಾಡಿದ್ಮೇಲೆ ಇದಕ್ಕೊಂದು ಗಂಡು ನೋಡ್ಬೇಕಲ್ಲಮ್ಮ," ಎಂದ ಮುದುಕ. ಬುರುಲ್ಚಾ ಸೆರಗಿನಂತೆ ತಲೆವಸ್ತ್ರದ ಚುಂಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮೊದಲ ಗಿರಾಕಿ ಕುರಿಗಾಹಿ ಅಸಂಕಾನ್. ಅವನ ಜೀಪಿಗೆ ಮುಂದೊಂದು ಹಿಂದೊಂದು ಡಬ್ಬಿ, ಹಿಂದಿನದು ತೋಳದ ಹಾಗೆ ಊಳಿಡುತ್ತಿತ್ತು. ಹಳೇ ಎಣ್ಣೆ ಇಳಿಸಿದ್ದಾಯಿತು. ತುಂಬುವಾಗ ಒಬ್ಬರು ಮೇಲೆ ಗಾಳಿ ಒತ್ತಿ ನಲ್ಲಿ ನೋಡಿಕೊಳ್ಳಬೇಕು, ಒಬ್ಬರು ಗುಂಡಿಯಲ್ಲಿ ಕೈಯೆತ್ತಿ ಕೊಳವೆಯನ್ನು ತೂತಿಗೆ ಹಿಡಿಯಬೇಕು. ಕೈಯೆತ್ತುವ ಮಾತು ಬಂದಾಗ ಮುದುಕ ಸೊಸೆಯ ಮುಖ ನೋಡಿದ. ಅವಳು ತೋಳು ಮಡಚಿ ಗುಂಡಿಗೆ ಇಳಿದೇಬಿಟ್ಟಳು.

ಮುದುಕ ಸ್ಟೂಲಿನ ಮೇಲೆ ಕುಳಿತು ಎಡಗೈಯಲ್ಲಿ ಗಾಳಿ ಒತ್ತಿ, ನಲ್ಲಿ ತಿರುಗಿಸಿದ. ಎಣ್ಣೆ ಸದ್ದಿಲ್ಲದೆ ಹರಿಯಿತು. ಮುದುಕನಿಗೆ ಎಷ್ಟೋ ದಿನದ ಮೇಲೆ ಸಿಳ್ಳೆ ಹಾಕಬೇಕೆನಿಸಿತು, ಹಾಕಿದ. ಕೆಳಗೆ ತೂತಿನ ಅಂಚಿಗೆ ಎಣ್ಣೆ ಬಂದು ತೊಟ್ಟಿಕ್ಕಿತು. ಡಬ್ಬಿ ತುಂಬಿದ ಗುರುತು ಅದು.

"ಸಾಕು, ಮಾವ," ಎಂದಳು ಬುರುಲ್ಚಾ, ಚಹಾ ಕೊಡುವಾಗಿನ ದನಿಯಲ್ಲಿ.

ಮುದುಕ ಸಿಳ್ಳೆ ಹಾಕುತ್ತಿದ್ದ. ಅವಳು ಮತ್ತೊಮ್ಮೆ ಅಂದಳು, ಮತ್ತೂ ಒಮ್ಮೆ ಅಂದಳು. ಎಣ್ಣೆ ಮಣಿಕಟ್ಟಿನಿಂದ ತೋಳಿಗಿಳಿಯಿತು, ತೋಳಿನಿಂದ ಕತ್ತಿಗೆ, ತಲೆವಸ್ತ್ರಕ್ಕೆ. ಅಸಂಕಾನ್ ಬಗ್ಗಿ ನೋಡಿದ.

"ಅಲ್ಲಾ ಅಜ್ಜ, ಸೊಸೆಗೆ ಎಣ್ಣೆಸ್ನಾನ ಮಾಡಿಸ್ತಿದ್ದೀಯೋ, ನನ್ನ ಗಾಡಿಗೆ ಎಣ್ಣೆ ಹಾಕ್ತಿದ್ದೀಯೋ?"

ಮುದುಕ ನಲ್ಲಿ ನಿಲ್ಲಿಸುವಷ್ಟರಲ್ಲಿ ಸದ್ದು ಕೇಳಿ ಝೂರಕಾನ್ ಹೊರಬಂದಳು. ಬುರುಲ್ಚಾ ತೂತಿನ ಬಿರಡೆ ಬಿಗಿದು ಮೇಲೆ ಹತ್ತಿ ಬಂದಳು. ಹುಬ್ಬಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮದುವೆಯ ದಿನ ಅತ್ತೆಯೇ ಕಟ್ಟಿದ ಬಿಳಿಯ ತಲೆವಸ್ತ್ರ ಕಂದುಬಣ್ಣಕ್ಕೆ ತಿರುಗಿತ್ತು.

"ಕೂಗೋಕೆ ಬಾಯಿರಲಿಲ್ವೇನಮ್ಮ?" ಎಂದ ಅಸಂಕಾನ್.

"ಮಾವನ ಮೇಲೆ ಕೂಗೋದುಂಟಾ?" ಎಂದು ಅವನ ಬಾಯಿ ಮುಚ್ಚಿಸಿ ಝೂರಕಾನ್ ಗಂಡನ ಕಡೆ ತಿರುಗಿದಳು. "ಏನ್ರೀ, ಈ ಮಗೂನ ಯಾಕೆ ಗುಂಡಿಗೆ ಇಳಿಸಿದ್ರಿ? ನಿಮಗೇನಾಗಿತ್ತು?"

ಅಭ್ಯಾಸಬಲದಿಂದ ಪಂಪನ್ನು ಬೈಯುವ ಹಳೆಯ ಮಾತೇ ಮುದುಕನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಬುರುಲ್ಚಾ ನೆಲ ನೋಡುತ್ತ ಮೆಲ್ಲಗೆ ಹೇಳಿದಳು.

"ಪಂಪು ಸರಿಯಿಲ್ಲ, ಅತ್ತೆ. ನಾನು ತಂದಿದ್ದು ಹಾಳು ಪಂಪು."

ತವರಿನಿಂದ ಹೊತ್ತು ತಂದವಳು, ಕೂತು ಅಂಗಿ ಹೊಲಿದವಳು, ಅವನ ಮಾನ ಉಳಿಸಲಿಕ್ಕೆ ಅದನ್ನೇ ಹಾಳು ಅಂದಳು. ಮುದುಕನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮೇಲೆ ಅಕ್ಕರೆ ಉಕ್ಕಿ ಬಂತು. ಎರ್ನಿಸ್ ಹುಟ್ಟಿದ ದಿನ ಬಿಟ್ಟರೆ ಇಷ್ಟು ಅಕ್ಕರೆ ಅವನಿಗೆ ಇನ್ನೆಂದೂ ಉಕ್ಕಿದ್ದಿಲ್ಲ.

"ಪಂಪು ಚಿನ್ನದಂಥದ್ದು ಕಣೇ," ಎಂದ ಹೆಂಡತಿಗೆ. "ಕೆಟ್ಟಿರೋದು ನನ್ನ ಭುಜ. ಎರಡು ತಿಂಗಳಾಯ್ತು, ಕೈ ಏಳ್ತಿಲ್ಲ. ನೀನು ಗುಂಡಿ ಮುಚ್ಚಿಸ್ತೀಯ ಅಂತ ಹೇಳ್ಲಿಲ್ಲ. ಮುಚ್ಚಿಸೋದಾದ್ರೆ ಮುಚ್ಚಿಸು."

ಝೂರಕಾನ್ ಗಂಡನ ಭುಜ ನೋಡಿದಳು, ಅಂಗಿ ತೊಟ್ಟ ಪಂಪು ನೋಡಿದಳು, ಎಣ್ಣೆಯಲ್ಲಿ ಅದ್ದಿದಂತಿದ್ದ ಸೊಸೆಯನ್ನು ನೋಡಿದಳು. ಒಳಗೆ ಹೋಗಿ ತನ್ನ ಹಳೆಯ ಹೂವಿನ ತಲೆವಸ್ತ್ರ ತಂದು, ಸೊಸೆಯ ಮುಖ ಒರೆಸಿ, ಹೊಲದಾಳುಗಳ ಹಾಗೆ ಹಿಂದಕ್ಕೆ ಬಿಗಿಯಾಗಿ ಕಟ್ಟಿದಳು.

"ಇದು ಹಾಳಾದ್ರೂ ಪರವಾಗಿಲ್ಲ. ಮುಂದಿನ ಡಬ್ಬಿ ಬಾಕಿ ಇದೆಯಲ್ಲ, ಇಳಿ," ಎಂದಳು. ಗಂಡನಿಗೆ, "ರಾತ್ರಿ ಕುರಿಕೊಬ್ಬು ಬಿಸಿ ಮಾಡಿ ಉಜ್ತೀನಿ. ಉಸಿರೆತ್ತಬಾರದು," ಎಂದಳು.

"ಮನೇಲಿ ನೀನು ಹೇಗಾದ್ರೂ ಇರು ಮಗಳೇ," ಎಂದ ಮುದುಕ ಸೊಸೆಗೆ. "ಗುಂಡಿಗೆ ಇಳಿದ್ಮೇಲೆ ನೀನೇ ಮೇಸ್ತ್ರಿ. ತುಂಬಿದ ತಕ್ಷಣ ಕೂಗ್ಬೇಕು."

ಜೀಪು ಹಿಂದಕ್ಕೆ ಸರಿಯಿತು, ಮುಂದಿನ ಡಬ್ಬಿ ಗುಂಡಿಯ ಮೇಲೆ ಬಂತು. ಮುದುಕ ನಲ್ಲಿ ತಿರುಗಿಸಿ, ಸಿಳ್ಳೆ ಹಾಕದೆ ಕಿವಿ ನಿಮಿರಿಸಿ ಕುಳಿತ. ಗುಂಡಿಯೊಳಗೆ ತೂತಿನ ಅಂಚಿಗೆ ಎಣ್ಣೆ ಬಂತು.

"ನಿಲ್ಸಿ ಮಾವಾ!"

ಬೇಲಿಯ ಮೇಲಿದ್ದ ಕೋಳಿಗಳು ಧೊಪ್ಪನೆ ಕೆಳಗುರುಳಿದವು. ಆಚೆ ಬೀದಿಯ ನಾಯಿ ಬೊಗಳಿತು. ಆಟ್‌ಬಾಷಿಯ ಬಯಲಿನಲ್ಲಿ ಕುದುರೆ ಕರೆದು ಬೆಳೆದ ಗಂಟಲು ಅದು. ನಾಲ್ಕು ವರ್ಷ ತನ್ನ ಮನೆಯಲ್ಲೇ ಇದ್ದ ಆ ದನಿಯನ್ನು ಮುದುಕ ಮೊದಲ ಸಲ ಕೇಳಿದ. ಕೈ ಆಗಲೇ ನಲ್ಲಿ ನಿಲ್ಲಿಸಿತ್ತು, ಒಂದು ತೊಟ್ಟೂ ಹೆಚ್ಚು ಹೋಗಿರಲಿಲ್ಲ.

ಆದರೂ ಅವನು ಗುಂಡಿಯ ಕಡೆ ಬಗ್ಗಿ, ಕಿವಿಗೆ ಎಡಗೈಯಿಟ್ಟು ಕೇಳಿದ, "ಏನಂದೆ ಮಗಳೇ? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು."